ಆಮೆಯ ತೊಟ್ಟಿಗೆ ಯಾವ ನೀರು?

ಕೆಟ್ಟ ನೀರಿನಲ್ಲಿ ಮೀನು ಬದುಕುವುದಿಲ್ಲ, ಆಮೆ ಬದುಕುತ್ತದೆ. ಮನೆಗಳಲ್ಲಿ ಸಾಕಿದ ನೀರಾಮೆಗಳು ಪಡುವ ಪಾಡಿಗೆ ದೊಡ್ಡ ಕಾರಣ ಇದೇ. ಮೀನು ಕಿವಿರುಗಳಿಂದ ನೀರಿನಲ್ಲೇ ಉಸಿರಾಡುತ್ತದೆ. ನೀರು ವಿಷವಾದರೆ ಒಂದೆರಡು ದಿನದಲ್ಲಿ ಸತ್ತು ತೇಲುತ್ತದೆ, ಮನೆಯವರಿಗೆ ತಿಳಿಯುತ್ತದೆ. ಆಮೆಗೆ ನಮ್ಮಂತೆಯೇ ಶ್ವಾಸಕೋಶ. ಮೂಗಿನ ತುದಿಯನ್ನು ಮೇಲೆತ್ತಿ ಗಾಳಿ ಎಳೆದುಕೊಂಡು ಮತ್ತೆ ಅದೇ ಕೊಳಕಿನೊಳಗೆ ಮುಳುಗುತ್ತದೆ. ತಿಂಗಳುಗಟ್ಟಲೆ ಹೀಗೇ ಇರಬಲ್ಲದು. ಕಣ್ಣು ಊದುತ್ತದೆ, ಚಿಪ್ಪು ಅಲ್ಲಲ್ಲಿ ಮೆತ್ತಗಾಗುತ್ತದೆ, ಮೇವು ಬಿಡುತ್ತದೆ, ಆಮೇಲೊಂದು ದಿನ ಸಾಯುತ್ತದೆ. "ಚೆನ್ನಾಗೇ ಇತ್ತು, ಇದ್ದಕ್ಕಿದ್ದ ಹಾಗೆ ಹೋಯ್ತು" ಎನ್ನುತ್ತಾರೆ. ಇದ್ದಕ್ಕಿದ್ದ ಹಾಗೆ ಹೋಗಿರುವುದಿಲ್ಲ. ನೀರು ಅದನ್ನು ದಿನದಿನವೂ ಸವೆಸಿರುತ್ತದೆ.

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರನ್ನು ಮುಂದಿಟ್ಟುಕೊಂಡು ಈ ಮಾತು ಆಡುತ್ತಿದ್ದೇನೆ. ಮಂಡ್ಯ ಜಿಲ್ಲೆಯ ಮದ್ದೂರಲ್ಲ. ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಅಂಚಿನಲ್ಲಿರುವ ಮದ್ದೂರು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೂ ಇದೇ ಹೆಸರು. ಇಲ್ಲಿ ಆಮೆ ಸಾಕುವವರಿಗೆ ಎರಡು ವಿಷಯ ಗೊತ್ತಿರಲೇಬೇಕು. ಒಂದು, ತಮ್ಮ ಮನೆಗೆ ಬರುವ ನೀರು ಎಂಥದ್ದು ಎಂಬುದು. ಇನ್ನೊಂದು, ಆ ತೊಟ್ಟಿಯಲ್ಲಿರುವ ಜೀವ ಹೊಲದಾಚೆಯ ಕೆರೆಗೆ ಸೇರಿದರೆ ಏನಾಗುತ್ತದೆ ಎಂಬುದು.

ಮೊದಲು ಯಾವ ಆಮೆ ಎಂಬುದನ್ನು ಇತ್ಯರ್ಥ ಮಾಡಿಕೊಳ್ಳೋಣ. ಕೆರೆಯಲ್ಲಿ ಬಲೆಗೆ ಸಿಕ್ಕಿದ್ದು, ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ನಡೆದು ಬಂದಿದ್ದು, ಹೊಲದಲ್ಲಿ ಕಂಡ ನಕ್ಷತ್ರ ಆಮೆ, ಇವ್ಯಾವುವನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನಮ್ಮ ಕೆರೆಗಳ ಮೆತ್ತನೆ ಚಿಪ್ಪಿನ ಆಮೆ ಮತ್ತು ನಕ್ಷತ್ರ ಆಮೆ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಹುಲಿ, ಆನೆಗಳಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಆಮೆ ಇದ್ದರೆ ಮನೆಯಲ್ಲಿ ದುಡ್ಡು ನಿಲ್ಲುತ್ತದೆ ಎಂಬ ನಂಬಿಕೆಯಿಂದ ಇವನ್ನು ತಂದು ಬಕೆಟ್ಟಿನಲ್ಲಿಟ್ಟವರು ಜೈಲಿನ ದಾರಿಯಲ್ಲಿದ್ದಾರೆ. ಅದಕ್ಕಿಂತ ನನ್ನನ್ನು ನೋಯಿಸುವುದು, ಆ ನಂಬಿಕೆಗಾಗಿ ಒಂದು ಕಾಡು ಜೀವ ನರಳುವುದು.

ಹಾಗಾಗಿ ಸಾಕಣೆಯ ಮಾತು ಬಂದಾಗ ಉಳಿಯುವುದು ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವ ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ, ಅಂಗೈಯಲ್ಲಿ ಹಿಡಿಸುವ ಹಸಿರು ಮರಿ. ಅದರ ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಕಣಿವೆ. ಮಾರುವವರು "ಇಷ್ಟೇ ಇರುತ್ತೆ, ಬೆಳೆಯಲ್ಲ" ಎನ್ನುವುದುಂಟು. ಅದು ಸುಳ್ಳು. ಹೆಣ್ಣಾದರೆ ಚಿಪ್ಪು 25ರಿಂದ 30 ಸೆಂಟಿಮೀಟರ್ ಬೆಳೆಯುತ್ತದೆ; ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬಾಳುತ್ತದೆ. ಇದನ್ನು ಹೊಸದಾಗಿ ಯಾರೂ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಈಗಾಗಲೇ ಮನೆ ಸೇರಿರುವ ಆಮೆ ಯಾವ ತಪ್ಪೂ ಮಾಡಿಲ್ಲ. ಅದಕ್ಕೆ ನೆಟ್ಟಗಿರುವ ನೀರು ಕೊಡುವುದು ತಂದವರ ಹೊಣೆ.

ಈಗ ನೀರಿನ ವಿಚಾರ. ಗುಂಡ್ಲುಪೇಟೆ ಸೀಮೆ ಸಮುದ್ರಮಟ್ಟದಿಂದ 800 ಮೀಟರ್ ಎತ್ತರದ ಆಸುಪಾಸಿನಲ್ಲಿದೆ, ಘಟ್ಟದ ಮಳೆ ನೆರಳಿನಲ್ಲಿದೆ. ಮಳೆ ಕಡಿಮೆ, ನೆಲದಡಿ ಗಟ್ಟಿ ಕಲ್ಲು. ಆ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರೇ ಬೋರ್‌ವೆಲ್ಲಿನಲ್ಲಿ ಮೇಲೆ ಬರುತ್ತದೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಇದನ್ನು ತಿಳಿಯಲು ಗೃಹಿಣಿಯರಿಗೆ ಪ್ರಯೋಗಾಲಯ ಬೇಕಿಲ್ಲ. ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಇದು ಗಡಸು ನೀರು. ಇದರ ಜೊತೆಗೆ ಪೈಪಿನಲ್ಲಿ ಬರುವ ಕಬಿನಿಯ ಹೊಳೆ ನೀರು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಂಡು ಬರುವ ಕ್ಯಾನ್ ನೀರು. ಮತ್ತೆ ಮಳೆಯ ನೀರು. ಸಾಮಾನ್ಯವಾಗಿ ಕೈಗೆ ಸಿಗುವುದು ಈ ನಾಲ್ಕು.

ಆಮೆಗೆ ಕ್ಯಾನ್ ನೀರೇ ಒಳ್ಳೆಯದು ಎಂದು ಬಹಳ ಜನ ನಂಬಿದ್ದಾರೆ. ಮಗುವಿಗೆ ಕೊಡುವ ನೀರನ್ನೇ ಅದಕ್ಕೂ ಕೊಡೋಣ ಎಂಬ ಪ್ರೀತಿ ಅದರಲ್ಲಿದೆ. ಆದರೆ ಆ ಘಟಕದ ಯಂತ್ರ ನೀರಿನ ಲವಣಗಳನ್ನು ಬಹುಪಾಲು ಸೋಸಿ ತೆಗೆದುಬಿಟ್ಟಿರುತ್ತದೆ. ನೀರಿಗೆ ಆಮ್ಲವನ್ನು ತಾಳಿಕೊಳ್ಳುವ ಶಕ್ತಿ ಕೊಡುವುದು ಆ ಲವಣಗಳೇ. ಆಮೆಯ ಹೊಲಸನ್ನು ಬ್ಯಾಕ್ಟೀರಿಯಾಗಳು ಕರಗಿಸುವಾಗ ಆಮ್ಲ ಹುಟ್ಟುತ್ತದೆ. ಲವಣವಿಲ್ಲದ ನೀರಿನಲ್ಲಿ ಅದನ್ನು ತಡೆಯುವವರಿಲ್ಲ. ಕೆಲವೇ ವಾರಗಳಲ್ಲಿ ನೀರು ಹುಳಿಯಾಗಿ, ಹೊಲಸು ಕರಗಿಸುವ ಆ ಬ್ಯಾಕ್ಟೀರಿಯಾಗಳೇ ಕೆಲಸ ನಿಲ್ಲಿಸುತ್ತವೆ. ದುಡ್ಡು ಕೊಟ್ಟು ತಂದ ನೀರು ಬಿಟ್ಟಿ ನೀರಿಗಿಂತ ಬೇಗ ಕೆಡುತ್ತದೆ.

ಗಡಸು ನೀರಿಗೆ ಹೆದರಬೇಕಾಗಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಗೊತ್ತುಮಾಡಿದ ಅಳತೆಯಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಈ ಮಿತಿಯೊಳಗಿನ ಬೋರ್‌ವೆಲ್ ನೀರು ಸ್ಲೈಡರ್ ಆಮೆಗೆ ಒಗ್ಗುತ್ತದೆ. ಹೊಂದದಿರುವುದು ನೋಟಕ್ಕೆ ಮಾತ್ರ: ಆಮೆ ಬಿಸಿಲು ಕಾಯುವಾಗ ಚಿಪ್ಪಿನ ಮೇಲಿನ ನೀರು ಆರಿ ಬಿಳಿ ಕಲೆ ಉಳಿಯುತ್ತದೆ. ಅದನ್ನು ಬೂಷ್ಟು ಎಂದುಕೊಂಡು ಬ್ರಷ್ ಹಿಡಿದು ಉಜ್ಜುವವರಿದ್ದಾರೆ, ಮುಲಾಮು ಹಚ್ಚುವವರಿದ್ದಾರೆ. ಪರೀಕ್ಷಿಸುವುದು ಸುಲಭ. ಒದ್ದೆ ಮಾಡಿದಾಗ ಕಾಣದೆ, ಒಣಗಿದಾಗ ಮತ್ತೆ ಕಂಡರೆ, ಚಿಪ್ಪು ಗಟ್ಟಿಯಾಗಿಯೇ ಇದ್ದರೆ, ಅದು ಬರೀ ಸುಣ್ಣ. ಒದ್ದೆಯಲ್ಲೂ ಕಂಡರೆ, ಉಗುರು ಒತ್ತಿದಾಗ ಚಿಪ್ಪು ತಗ್ಗಿದರೆ, ವಾಸನೆ ಬಂದರೆ, ಚಿಪ್ಪು ಕೊಳೆಯುತ್ತಿದೆ, ಪಶುವೈದ್ಯರಿಗೆ ತೋರಿಸಬೇಕು.

ಬೋರ್‌ವೆಲ್ ನೀರಿನ ಜೊತೆ ನಿಜವಾಗಿ ಎಚ್ಚರ ವಹಿಸಬೇಕಾದದ್ದು ಬೇರೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಮೆಯ ಮೂತ್ರ, ಮಲ, ತಿಂದುಳಿದ ಮೇವು ಕೊಳೆತು ಅಮೋನಿಯಾ ಆಗುತ್ತದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಹೆಚ್ಚು ಕಡಿಮೆ ನಿರುಪದ್ರವಿ, ಇನ್ನೊಂದು ಕಣ್ಣು, ಚರ್ಮ ಸುಡುವಂಥದ್ದು. ಯಾವುದು ಎಷ್ಟಿರುತ್ತದೆ ಎಂಬುದನ್ನು ನೀರಿನ ಕ್ಷಾರ ಗುಣ, ಅಂದರೆ ಅದರ ಪಿಎಚ್, ತೀರ್ಮಾನಿಸುತ್ತದೆ. ಪಿಎಚ್ 7 ಇದ್ದರೆ ಸುಡುವ ರೂಪ ನೂರಕ್ಕೆ 0.5ರಷ್ಟು; ಪಿಎಚ್ 8ಕ್ಕೆ ಏರಿದರೆ, 25 ಡಿಗ್ರಿ ಉಷ್ಣತೆಯಲ್ಲಿ, ಅದು ನೂರಕ್ಕೆ 5 ದಾಟುತ್ತದೆ. ಹತ್ತು ಪಟ್ಟು. ಗಡಸು ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೇ ವಾಲುತ್ತದೆ. ಅಂದರೆ ಮೆದು ನೀರಿನಲ್ಲಿ ನಾಲ್ಕು ದಿನ ಹೇಗೋ ಸಹಿಸಬಹುದಾದ ಹೊಲಸು, ಇಂಥ ನೀರಿನಲ್ಲಿ ಬೇಗನೆ ಉರಿಯಾಗುತ್ತದೆ. ನೀರು ಗಡಸಾಗಿದ್ದಷ್ಟೂ ಶುಚಿಯಲ್ಲಿ ಸೋಮಾರಿತನಕ್ಕೆ ಜಾಗ ಕಡಿಮೆ.

ಕಬಿನಿ ನೀರು ಬೋರ್‌ವೆಲ್ಲಿಗಿಂತ ಮೆದು. ಆದರೆ ನಲ್ಲಿಯಲ್ಲಿ ಬರುವಾಗ ಅದರಲ್ಲಿ ಕ್ಲೋರಿನ್ ಇರುತ್ತದೆ, ಇರಲೂಬೇಕು. ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂನಷ್ಟಾದರೂ ಉಳಿದಿರಬೇಕೆಂಬುದು ನಿಯಮ. ಊರಿನ ಟ್ಯಾಂಕಿಗೆ ನೀರುಗಂಟಿ ಬ್ಲೀಚಿಂಗ್ ಪೌಡರ್ ಕಲಸಿದ ದಿನ ಇನ್ನೂ ಹೆಚ್ಚೇ ಇರುತ್ತದೆ, ಮೂಗಿಗೇ ಗೊತ್ತಾಗುತ್ತದೆ. ಮೀನಿಗೆ ಇದು ಪ್ರಾಣಾಂತಿಕ. ಆಮೆ ಸಾಯುವುದಿಲ್ಲ, ಕಣ್ಣು ಉರಿಯುತ್ತದೆ. ಜೊತೆಗೆ ಫಿಲ್ಟರಿನ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಬಾಯಿ ಅಗಲವಾದ ಟಬ್ಬಿನಲ್ಲಿ ನೀರು ತುಂಬಿ ಮುಚ್ಚಳವಿಲ್ಲದೆ ಒಂದು ಹಗಲು ಒಂದು ರಾತ್ರಿ ಬಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಹನಿ ಸಿಗುತ್ತದೆ, ಶೀಶೆಯ ಮೇಲೆ ಬರೆದಷ್ಟೇ ಹಾಕಬೇಕು. ಬೋರ್‌ವೆಲ್ ನೀರನ್ನೂ ಹೀಗೆ ಒಂದು ರಾತ್ರಿ ಬಿಟ್ಟು ಬಳಸುವುದೇ ಲೇಸು. ನೆಲದಡಿಯಿಂದ ಬಂದ ನೀರಿನಲ್ಲಿ ಕರಗಿದ ಅನಿಲಗಳು ಹೊರಟುಹೋಗಿ ನೀರು ಹೊರಗಿನ ಹವೆಗೆ ಹೊಂದಿಕೊಳ್ಳುತ್ತದೆ.

ಮಳೆ ನೀರು ಬಹಳ ಮೆದು. ಸೂರಿನ ಧೂಳು, ಹಕ್ಕಿ ಪಿಕ್ಕೆ ತೊಳೆದು ಬರುವ ಮೊದಲ ಮಳೆಯನ್ನು ಬಿಟ್ಟು, ಆಮೇಲಿನದನ್ನು ಬೋರ್‌ವೆಲ್ ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಎರಡರ ದೋಷವೂ ತಗ್ಗುತ್ತದೆ. ನನ್ನನ್ನು ಕೇಳಿದರೆ ಈ ಸೀಮೆಯಲ್ಲಿ ಇದೇ ಅತಿ ಒಳ್ಳೆಯ ನೀರು. ಕೆರೆ ನೀರು ಮಾತ್ರ ಬೇಡ. ಮದ್ದೂರಿನ ಸುತ್ತಮುತ್ತ ಚೆಂಡುಹೂವು, ಸೂರ್ಯಕಾಂತಿ, ತರಕಾರಿ ಹೊಲಗಳಿವೆ. ಅಲ್ಲಿ ಸಿಂಪಡಿಸಿದ ಔಷಧಿ ಮಳೆಯೊಂದಿಗೆ ಹರಿದು ಸೇರುವುದು ಕೆರೆಗೇ. ಜಿಗಣೆ, ಹುಳು, ರೋಗಾಣುಗಳೂ ಅದರ ಜೊತೆಗೆ ಮನೆಗೆ ಬರುತ್ತವೆ.

ನೀರಿನ ಪರೀಕ್ಷೆ ಮಾಡಿಸಿಕೊಳ್ಳಲು ದೂರ ಹೋಗಬೇಕಿಲ್ಲ. ನಮ್ಮಲ್ಲಿ ಮನೆ ಮನೆಗೆ ಗಂಗೆ ಎಂದು ಕರೆಯುವ ಜಲ ಜೀವನ್ ಮಿಷನ್ 2019ರಲ್ಲಿ ಶುರುವಾದ ಮೇಲೆ ಕುಡಿಯುವ ನೀರಿನ ಪ್ರಯೋಗಾಲಯಗಳನ್ನು ಜನರಿಗೂ ತೆರೆದಿಡಲಾಗಿದೆ. ಹಳ್ಳಿಯ ಮಟ್ಟದಲ್ಲೇ ಪರೀಕ್ಷಿಸುವ ಕಿಟ್‌ಗಳನ್ನು ಗ್ರಾಮ ಪಂಚಾಯ್ತಿಗಳಿಗೆ ಕೊಟ್ಟು ಮಹಿಳೆಯರಿಗೆ ತರಬೇತಿ ಕೊಡುವ ಕಾರ್ಯಕ್ರಮವೂ ಇದೆ. ಪಂಚಾಯ್ತಿಯಲ್ಲಿ ವಿಚಾರಿಸಿ. ಆಮೆಯ ನೆಪದಲ್ಲಿ ಮನೆಮಂದಿ ಕುಡಿಯುವ ನೀರೂ ಪರೀಕ್ಷೆಯಾದರೆ ಒಳ್ಳೆಯದೇ.

ಇಷ್ಟೆಲ್ಲ ಹೇಳಿದ ಮೇಲೂ, ಯಾವ ನೀರು ಎಂಬ ಪ್ರಶ್ನೆಗಿಂತ ಎಷ್ಟು ನೀರು ಎಂಬುದು ದೊಡ್ಡದು. ಬಟ್ಟೆ ನೆನೆಸುವ ನೀಲಿ ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ನಾಲ್ಕು ಬೆರಳು ನೀರು, ನಡುವೆ ಒಂದು ಇಟ್ಟಿಗೆ, ಒಂದು ಕಡೆ ತೇಲುವ ಒಣ ಸೀಗಡಿ. ಆಮೆ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದು. ಬಾಗಿ ನೋಡಿದರೆ ನೀರು ತಿಳಿಯಾಗಿಯೇ ಇರುತ್ತದೆ, ಆದರೆ ಮೂಗಿಗೆ ಕಮಟು ಹೊಡೆಯುತ್ತದೆ. ಟಬ್ಬಿನ ಗೋಡೆಗೆ ಬೆರಳು ತಾಗಿಸಿದರೆ ಲೋಳೆ. ಆಮೆ ಇಟ್ಟಿಗೆ ಏರಿ ಕುತ್ತಿಗೆ ಚಾಚಿ, ಮುಂಗಾಲಿನಿಂದ ಕಣ್ಣು ಉಜ್ಜಿಕೊಳ್ಳುತ್ತಿರುತ್ತದೆ. ಮನೆಯವರಿಗೆ ಅದು ಮುದ್ದಾಗಿ ಕಾಣುತ್ತದೆ, ವೀಡಿಯೊ ಮಾಡುತ್ತಾರೆ. ಅದು ಉರಿ ತಾಳಲಾರದೆ ಉಜ್ಜಿಕೊಳ್ಳುತ್ತಿದೆ.

ನೀರಾಮೆ ಈಜುವ ಪ್ರಾಣಿ. ನೀರಿನ ಆಳ ಕಡೇಪಕ್ಷ ಅದರ ಚಿಪ್ಪಿನ ಉದ್ದದ ಒಂದೂವರೆ ಪಟ್ಟಾದರೂ ಇರಬೇಕು. ತೀರಾ ಕಡಿಮೆ ನೀರಿನಲ್ಲಿ ಬೆನ್ನು ಕೆಳಗಾಗಿ ಬಿದ್ದರೆ ಹೊರಳಿಕೊಳ್ಳಲಾಗದೆ ಸಾಯುವುದೂ ಉಂಟು. ಸಾಕುವವರು ಅನುಭವದಿಂದ ಕಂಡುಕೊಂಡ ಲೆಕ್ಕವೆಂದರೆ ಚಿಪ್ಪಿನ ಒಂದೊಂದು ಇಂಚಿಗೆ ಸುಮಾರು 40 ಲೀಟರ್. ನಾಲ್ಕು ಇಂಚಿನ ಆಮೆಗೆ 160 ಲೀಟರ್, ಹತ್ತು ಇಂಚಿನದಕ್ಕೆ 400. ನೀರಿಗೆ ಪರದಾಡುವ ಸೀಮೆಯಲ್ಲಿ ಈ ಲೆಕ್ಕ ಕೇಳಿ ಎದೆ ಧಸಕ್ಕೆನ್ನುವುದು ಸಹಜ. ಆದರೆ ಇದು ದಿನಾ ಚೆಲ್ಲುವ ನೀರಲ್ಲ. ದೊಡ್ಡ ತೊಟ್ಟಿ, ಒಳ್ಳೆಯ ಫಿಲ್ಟರ್ ಇದ್ದರೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕಾಗುತ್ತದೆ. ಪುಟ್ಟ ಟಬ್ಬಿನ ನೀರನ್ನು ದಿನಬಿಟ್ಟು ದಿನ ಚೆಲ್ಲಬೇಕು.

ಮನೆಯ ಹಿಂದೆ ಜಾಗವಿದ್ದರೆ ದನಗಳಿಗೆ ನೀರಿಡುವಂಥ ಸಿಮೆಂಟ್ ತೊಟ್ಟಿ ಕಟ್ಟಿಸುವುದು ಎಲ್ಲಕ್ಕಿಂತ ಅನುಕೂಲ. ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಟ್ಟು ವಿಪರೀತ ಕ್ಷಾರ ಮಾಡುತ್ತದೆ. ಹಾಗಾಗಿ ಕಟ್ಟಿದ ಕೂಡಲೇ ಆಮೆ ಬಿಡದೆ, ಕೆಲವು ವಾರ ನೀರು ತುಂಬಿ, ಖಾಲಿ ಮಾಡಿ, ಮತ್ತೆ ತುಂಬಿ ಹದ ಮಾಡಬೇಕು. ಅರ್ಧ ತೊಟ್ಟಿಗೆ ನೆರಳು, ಅರ್ಧಕ್ಕೆ ಬಿಸಿಲು. ಏಪ್ರಿಲ್ ಬಿಸಿಲಿನಲ್ಲಿ ಬಯಲಲ್ಲಿಟ್ಟ ಸಣ್ಣ ಟಬ್ಬಿನ ನೀರು ಕುದಿಯುವಂತಾಗಿ ಆಮೆ ಬೇಯುತ್ತದೆ. ಇದಕ್ಕೆ 24ರಿಂದ 28 ಡಿಗ್ರಿ ನೀರು ಹಿತ. ಧನುರ್ಮಾಸದ ಚಳಿಗೆ ಮರಿಗಳನ್ನು ಒಳಗಿಟ್ಟುಕೊಳ್ಳಬೇಕು. ಏರಿ ಕೂತು ಪೂರ್ತಿ ಒಣಗಲು ಒಂದು ಹಲಗೆಯೋ ಕಲ್ಲೋ ಬೇಕೇ ಬೇಕು, ಅದಕ್ಕೆ ನೇರ ಬಿಸಿಲು ತಾಗಬೇಕು. ಗಾಜಿನ ಕಿಟಕಿ ದಾಟಿ ಬಂದ ಬಿಸಿಲು ಚಿಪ್ಪಿಗೆ ಉಪಯೋಗವಿಲ್ಲ. ತಳಕ್ಕೆ ಜಲ್ಲಿ ಹಾಕಬೇಡಿ. ಆಮೆ ನುಂಗುತ್ತದೆ, ಸಂದಿಯಲ್ಲಿ ಹೊಲಸು ಸೇರುತ್ತದೆ. ನಾಯಿ, ಹದ್ದಿನಿಂದ ಕಾಯಲು ಮೇಲೆ ಜಾಲರಿ ಇರಲಿ.

ಫಿಲ್ಟರ್ ಎಂದರೆ ಕಸ ಹಿಡಿಯುವ ಸ್ಪಂಜು ಎಂದಷ್ಟೇ ತಿಳಿಯಬಾರದು. ಆ ಸ್ಪಂಜಿನ ತೂತುಗಳಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ಮೊದಲನೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಎರಡನೆಯವು ಆ ನೈಟ್ರೈಟನ್ನು ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತವೆ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ನೀರನ್ನು ಮೇಲಿಂದ ಮೇಲೆ ಬದಲಿಸುತ್ತಿರಬೇಕು. ಅಕ್ವೇರಿಯಂ ಅಂಗಡಿಯ ಕಿಟ್ಟಿನಲ್ಲಿ ನೋಡಿದಾಗ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದರೆ ತೊಟ್ಟಿ ಹದಕ್ಕೆ ಬಂದಿದೆ ಎಂದರ್ಥ. ಉಳಿಯುವ ನೈಟ್ರೇಟನ್ನು ತೆಗೆಯುವುದಕ್ಕೇ ವಾರದ ನೀರು ಬದಲಾವಣೆ.

ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ಕೆಡಿಸುವವರು ಬಹಳ. ಭಾನುವಾರ ತೊಟ್ಟಿ ಪೂರ್ತಿ ಖಾಲಿ ಮಾಡಿ, ಫಿಲ್ಟರ್ ಬಿಚ್ಚಿ, ಸ್ಪಂಜನ್ನು ನಲ್ಲಿ ಕೆಳಗೆ ಸೋಪು ಹಾಕಿ ತಿಕ್ಕಿ ಫಳಫಳ ಮಾಡುತ್ತಾರೆ. ಆರು ವಾರ ಕಷ್ಟಪಟ್ಟು ಬೆಳೆದ ಬ್ಯಾಕ್ಟೀರಿಯಾ ಹತ್ತು ನಿಮಿಷದಲ್ಲಿ ಚರಂಡಿ ಸೇರುತ್ತದೆ, ಬುಧವಾರದ ಹೊತ್ತಿಗೆ ಅಮೋನಿಯಾ ಮತ್ತೆ ಏರುತ್ತದೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಎರಡು ಸಲ ಹಿಂಡಿದರೆ ಸಾಕು. ಕರೆಂಟು ಹೋದಾಗಲೂ ಇದೇ ಸಮಸ್ಯೆ: ಮುಚ್ಚಿದ ಫಿಲ್ಟರಿನಲ್ಲಿ ನೀರು ಹರಿಯದಿದ್ದರೆ ಬ್ಯಾಕ್ಟೀರಿಯಾಗಳು ಗಾಳಿಯಿಲ್ಲದೆ ಸಾಯುತ್ತವೆ. ಹಲವು ಗಂಟೆ ಕರೆಂಟು ಇಲ್ಲದೆ ಮತ್ತೆ ಬಂದರೆ, ಫಿಲ್ಟರಿನೊಳಗೆ ನಿಂತ ನೀರನ್ನು ಚೆಲ್ಲಿದ ಮೇಲೆಯೇ ಚಾಲೂ ಮಾಡಬೇಕು. ಇಲ್ಲದಿದ್ದರೆ ಅಷ್ಟೂ ಕೊಳಕು ಒಮ್ಮೆಲೇ ತೊಟ್ಟಿಗೆ ಇಳಿಯುತ್ತದೆ.

ಮೇವನ್ನು ಬೇರೊಂದು ಬೋಗುಣಿಯಲ್ಲಿ ಹಾಕಿ ತಿನ್ನಿಸಿ ವಾಪಸು ಬಿಡುವ ಅಭ್ಯಾಸ ಮಾಡಿದರೆ ತೊಟ್ಟಿಯ ಹೊಲಸು ಅರ್ಧ ಇಳಿಯುತ್ತದೆ. ಒಣ ಸೀಗಡಿಯನ್ನೇ ಹಾಕುತ್ತಿದ್ದರೆ ಎ ಜೀವಸತ್ವ ಸಾಲದೆ ಕಣ್ಣು ಊದುತ್ತದೆ. ನೀರೆಷ್ಟೇ ಶುದ್ಧವಾಗಿದ್ದರೂ ಆ ಊತ ಇಳಿಯದು. ಆಮೆಗೆಂದೇ ಮಾಡಿದ ಕಾಳಿನ ಜೊತೆಗೆ ಸೊಪ್ಪು, ತುರಿದ ಕ್ಯಾರೆಟ್ ಕೊಡಿ. ಈಜುವಾಗ ಒಂದು ಕಡೆಗೆ ವಾಲಿದರೆ, ಬಾಯಿ ತೆರೆದು ಉಸಿರೆಳೆದರೆ, ಅದು ಶ್ವಾಸಕೋಶದ ಸೋಂಕು. ನೀರು ಬದಲಿಸುತ್ತ ಕೂರದೆ ವೈದ್ಯರ ಬಳಿಗೆ ಒಯ್ಯಬೇಕು.

ತೆಗೆದ ನೀರು ಗಿಡಕ್ಕೆ ಗೊಬ್ಬರ. ಬಾಳೆ, ತೆಂಗು, ನುಗ್ಗೆಯ ಬುಡಕ್ಕೆ ಹಾಕಿ. ಕೊತ್ತಂಬರಿ, ಮೂಲಂಗಿಯಂತೆ ಹಸಿಯಾಗಿ ತಿನ್ನುವ ಬೆಳೆಗೆ ಬೇಡ, ಅಡುಗೆಮನೆಯ ಸಿಂಕಿಗಂತೂ ಬೇಡವೇ ಬೇಡ. ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಲ್ಲದು. ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದಾರೆಂದು ಅಮೆರಿಕ 1975ರಲ್ಲೇ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಷೇಧಿಸಿತು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳ ಕೈಗೆ ಕೊಡಬಾರದು.

ಇನ್ನು ಮದ್ದೂರಿನವರಿಗೆ ವಿಶೇಷವಾಗಿ ಹೇಳಬೇಕಾದ ಮಾತು. ನೀರು ಬದಲಿಸಿ ಬೇಸತ್ತವರು ಒಂದು ದಿನ ಆಮೆಯನ್ನು ಚೀಲದಲ್ಲಿ ಹಾಕಿಕೊಂಡು ಕೆರೆಗೋ ದೇವಸ್ಥಾನದ ಕಲ್ಯಾಣಿಗೋ ಬಿಟ್ಟು, ಪುಣ್ಯ ಬಂತು ಎಂದು ಕೈಮುಗಿದು ಬರುತ್ತಾರೆ. ಇದು ಪುಣ್ಯದ ಕೆಲಸವಲ್ಲ. ಈ ಆಮೆ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ಆಮೆಗಳ ಮೇವು, ಬಿಸಿಲು ಕಾಯುವ ಜಾಗ ಎರಡನ್ನೂ ಕಸಿದುಕೊಳ್ಳುತ್ತದೆ, ಮನೆಯ ತೊಟ್ಟಿಯ ರೋಗಗಳನ್ನು ಕೆರೆಗೆ ಹೊತ್ತು ತರುತ್ತದೆ. ಯುರೋಪಿನ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸಿತು. ಗಡಿಯಾಚೆಯ ಕೇರಳದಲ್ಲಿ, ತ್ರಿಶ್ಶೂರಿನ ಕಾಲುವೆಯೊಂದರಲ್ಲಿ ಇವು ಕಾಣಿಸಿಕೊಂಡ ಮೇಲೆ ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ಸಾಕಿದವರಿಂದ ಇವನ್ನು ವಾಪಸು ಪಡೆಯುವ ಕೆಲಸಕ್ಕೆ ಇಳಿಯಬೇಕಾಯಿತು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇಂಥ ವಿದೇಶಿ ಆಕ್ರಮಣಕಾರಿ ಜೀವಿಗಳ ಆಮದು, ವ್ಯಾಪಾರ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

ಕಬಿನಿ ನೀರನ್ನು ಏತದಿಂದ ಎತ್ತಿ ಒಣಗಿದ ಕೆರೆಗಳನ್ನು ತುಂಬಿಸುವ ಕೆಲಸ ಈ ಜಿಲ್ಲೆಯಲ್ಲಿ ನಡೆದಿದೆ. ಬತ್ತಿದ್ದ ಕೆರೆಗೆ ನೀರು ಬಂದರೆ ಮೀನು, ಹಕ್ಕಿ, ನಮ್ಮ ಆಮೆಗಳು ಹಿಂತಿರುಗುತ್ತವೆ. ಅಂಥ ಕೆರೆಗೆ ಮಿಸಿಸಿಪ್ಪಿಯ ಆಮೆಯನ್ನು ಬಿಡಬೇಡಿ. ಸಾಕಲು ಆಗುತ್ತಿಲ್ಲವೆಂದಾದರೆ ನಾಚಿಕೆಪಡದೆ ಚೆನ್ನಾಗಿ ಸಾಕಬಲ್ಲ ಇನ್ನೊಬ್ಬರ ಕೈಗೆ ಒಪ್ಪಿಸಿ, ಅದೂ ಆಗದಿದ್ದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಏನು ಮಾಡಬೇಕೆಂದು ಕೇಳಿ. ಸಾಕುತ್ತೇನೆ ಎನ್ನುವವರು ಈ ವಾರವೇ ಟಬ್ಬಿನ ಬದಲು ದೊಡ್ಡ ತೊಟ್ಟಿ ನೋಡಿ, ರಾತ್ರಿಯೇ ನೀರು ತುಂಬಿ ಬಿಟ್ಟಿಡಿ.